ದೇವನಹಳ್ಳಿಯಲ್ಲಿ ಇಳಿದು ರಾತ್ರಿ ರೈಲು ಹಿಡಿಯುವ ಲೆಕ್ಕ

ನನ್ನ ಚೀಲದಲ್ಲಿ ನೀಲಿ ರಟ್ಟಿನ ಒಂದು ಸಣ್ಣ ಪುಸ್ತಕ ಸದಾ ಇರುತ್ತದೆ. ಪ್ರತಿ ಸಾಲಿನ ಎಡಕ್ಕೆ ವಿಮಾನದ ಚಕ್ರ ದೇವನಹಳ್ಳಿಯ ನೆಲಕ್ಕೆ ತಾಗಿದ ಹೊತ್ತು, ಬಲಕ್ಕೆ ನಾನು ರೈಲಿನ ಬೋಗಿಗೆ ಕಾಲಿಟ್ಟ ಹೊತ್ತು. ಈವರೆಗೆ 31 ಸಾಲುಗಳಾಗಿವೆ. ಮೂರು ಸಾಲುಗಳಲ್ಲಿ ಬಲಗಡೆ ಖಾಲಿ. ಲೆಕ್ಕ ತಪಾಸಣೆಯ ಕೆಲಸದವಳಾದ ನನಗೆ ಖಾಲಿ ಕಲಂ ಕಂಡರೆ ನಿದ್ದೆ ಬರುವುದಿಲ್ಲ. ಆ ಮೂರು ಖಾಲಿಗಳಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಪಾಡು ಹೀಗೆ: ತಿಂಗಳಲ್ಲಿ ಮೂರು ವಾರ ಭುವನೇಶ್ವರ, ಜೈಪುರ, ಗುವಾಹಟಿ ಎಂದು ಬೇರೆಯವರ ಕಚೇರಿಗಳಲ್ಲಿ ಕೂತು ಕಡತ ತಿರುವುತ್ತೇನೆ. ಶುಕ್ರವಾರ ಸಂಜೆ ವಿಮಾನ ಹತ್ತಿ ಬೆಂಗಳೂರಿಗೆ ಬಂದು, ಅದೇ ರಾತ್ರಿ ಮೈಸೂರಿನಿಂದ ಬರುವ ತಾಳಗುಪ್ಪ ರೈಲನ್ನು ಹಿಡಿದರೆ ಬೆಳಗ್ಗೆ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿದು ಮನೆಯ ಬಿಸಿ ತೆಳ್ಳೇವು ತಿನ್ನಬಹುದು. ತಪ್ಪಿದರೆ ಒಂದು ಇಡೀ ಶನಿವಾರ ಮಣ್ಣುಪಾಲು. ಶಿವಮೊಗ್ಗಕ್ಕೇ ವಿಮಾನವಿದೆಯಲ್ಲ ಎಂದು ಕೇಳುವವರಿಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಇದೆ, 2023ರಿಂದ ಹಾರುತ್ತಿದೆ, ಆದರೆ ಅದು ಹಗಲಿನ ಸವಾರಿ. ನನ್ನ ಶುಕ್ರವಾರದ ಸಂಜೆಗೆ ಅದು ಹೊಂದುವುದಿಲ್ಲ.

ಮೊದಲಿಗೆ ಒಂದು ಕಹಿ ಸತ್ಯ. ವಿಮಾನಕ್ಕೂ ರೈಲಿಗೂ ಬೀಗತನವಿಲ್ಲ. ನಿಮ್ಮ ವಿಮಾನ ಎರಡು ಗಂಟೆ ತಡವಾದರೆ ರೈಲು ನಿಮಗಾಗಿ ಎರಡು ನಿಮಿಷವೂ ಕಾಯುವುದಿಲ್ಲ. ರೈಲು ತಪ್ಪಿತೆಂದು ವಿಮಾನದವರು ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಎರಡು ಟಿಕೆಟ್‌ಗಳ ನಡುವಿನ ಕಂದಕ ಪೂರ್ತಿ ನಿಮ್ಮದೇ. ಚಾರ್ಟ್, ಅಂದರೆ ಪ್ರಯಾಣಿಕರ ಅಂತಿಮ ಪಟ್ಟಿ, ಸಿದ್ಧವಾದ ಮೇಲೆ ಟಿಕೆಟ್ ರದ್ದು ಮಾಡಲೂ ಆಗುವುದಿಲ್ಲ, ಆ ಹಣವನ್ನು ಮರೆತುಬಿಡಬೇಕು. ಹಾಗಾಗಿ ವಿಮಾನ ಇಳಿಯುವ ಹೊತ್ತಿಗೂ ರೈಲು ಹೊರಡುವ ಹೊತ್ತಿಗೂ ನಡುವೆ ನಾಲ್ಕು ಗಂಟೆ ಸಿಗುವವರು ಇದನ್ನು ಓದುವ ಅಗತ್ಯವಿಲ್ಲ. ಆರಾಮವಾಗಿ ಬಸ್ಸಿನಲ್ಲಿ ಹೋಗಿ ಮೆಜೆಸ್ಟಿಕ್‌ನಲ್ಲಿ ಊಟ ಮಾಡಿ ರೈಲು ಹತ್ತಿ. ಎರಡು ಗಂಟೆ, ಎರಡೂವರೆ ಗಂಟೆ ಇರುವವರು ಮುಂದೆ ಓದಿ.

ನನ್ನ ಮೊದಲ ಖಾಲಿ ಸಾಲು ಎರಡೂ ಕಾಲು ಗಂಟೆಯದು. ವಿಮಾನ ಹೇಳಿದ ಹೊತ್ತಿಗೇ ಇಳಿಯಿತು. ಚೀಲ ಬರಲು ತಡವಾಯಿತು, ಆದರೂ ನನಗೆ ಗಾಬರಿಯಿರಲಿಲ್ಲ. ಮೆಜೆಸ್ಟಿಕ್‌ವರೆಗಿನ 35 ಕಿಲೋಮೀಟರ್ ದಾರಿಗೆ ಒಂದೂ ಕಾಲು ಗಂಟೆ ಎಂದು ಮೊಬೈಲ್ ಹೇಳುತ್ತಿತ್ತು. ಹೆಬ್ಬಾಳದವರೆಗೆ ಕಾರು ಬಾಣದಂತೆ ಬಂತು. ಅಲ್ಲಿಂದ ಮುಂದಿನ ಹತ್ತು ಕಿಲೋಮೀಟರ್ ಮಾತ್ರ ಆಮೆಯ ದಾರಿ. ಮೇಖ್ರಿ ವೃತ್ತದಲ್ಲಿ ಒಂದು ಸಲ, ಅರಮನೆ ಮೈದಾನದ ಪಕ್ಕ ಮದುವೆಯ ಕಾರುಗಳ ಹಿಂದೆ ಒಂದು ಸಲ, ಆನಂದರಾವ್ ವೃತ್ತದಲ್ಲಿ ರಾತ್ರಿ ಬಸ್ಸುಗಳ ಸಾಲಿನ ಹಿಂದೆ ಮತ್ತೊಂದು ಸಲ ನಿಂತೆವು. ಕೊನೆಗೆ ಇಳಿದು ಓಡಿದೆ. ಸುರಂಗದ ಮೆಟ್ಟಿಲು ಹತ್ತಿ ಪ್ಲಾಟ್‌ಫಾರ್ಮ್‌ಗೆ ಬಂದಾಗ ಕಂಡದ್ದು ಕೊನೆಯ ಬೋಗಿಯ ಬೆನ್ನು: ದೊಡ್ಡ ಹಳದಿ ಗುಣಾಕಾರ ಚಿಹ್ನೆ, ಅದರ ಕೆಳಗೆ ಮಿಣುಕುವ ಒಂದು ಕೆಂಪು ದೀಪ. ತಪಾಸಣೆಯಲ್ಲಿ ತಪ್ಪು ಲೆಕ್ಕದ ಮೇಲೆ ನಾನು ಹಾಕುವ ಗುರುತೂ ಅದೇ. ಪಕ್ಕದಲ್ಲಿ ಟವೆಲ್ ಹೊದ್ದು ಕೂತಿದ್ದ ಹಿರಿಯರೊಬ್ಬರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಯಶವಂತಪುರಕ್ಕೆ ಹೋಗಿದ್ದರೆ ಸಿಗುತ್ತಿತ್ತಲ್ಲಮ್ಮ" ಎಂದರು. ಅಷ್ಟೇ ಮಾತು. ಈ ಬರಹದ ತಿರುಳೂ ಅಷ್ಟೇ: ರೈಲಿನ ಹಿಂದೆ ಓಡಬೇಡಿ, ಅದು ಬರುವ ದಾರಿಯಲ್ಲಿ ಮುಂದೆ ಹೋಗಿ ನಿಂತುಕೊಳ್ಳಿ.

ಟಿಕೆಟ್ ಮಾಡುವಾಗಲೇ ಅರ್ಧ ಕೆಲಸ

ಬೆಂಗಳೂರಿನಲ್ಲಿ "ರೈಲ್ವೆ ಸ್ಟೇಷನ್" ಎಂದರೆ ಯಾವುದು ಎಂಬುದೇ ಮೊದಲ ಪ್ರಶ್ನೆ. ಮೆಜೆಸ್ಟಿಕ್ ಎದುರಿನದು ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣ, ಟಿಕೆಟ್ ಮೇಲೆ ಎಸ್‌ಬಿಸಿ. ಯಶವಂತಪುರ ವೈಪಿಆರ್. ಬೈಯಪ್ಪನಹಳ್ಳಿಯಲ್ಲಿ 2022ರ ಜೂನ್‌ನಲ್ಲಿ ಶುರುವಾದ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಎಸ್‌ಎಂವಿಬಿ. ಇವಲ್ಲದೆ ದಂಡು, ಅಂದರೆ ಕಂಟೋನ್ಮೆಂಟ್. ಮೊದಲು ಮೆಜೆಸ್ಟಿಕ್‌ನಿಂದಲೋ ಯಶವಂತಪುರದಿಂದಲೋ ಹೊರಡುತ್ತಿದ್ದ ಹಲವು ರೈಲುಗಳು ಈಗ ಬೈಯಪ್ಪನಹಳ್ಳಿಯಿಂದ ಹೊರಡುತ್ತವೆ. ಹಳೆಯ ನೆನಪಿನ ಮೇಲೆ ಮೆಜೆಸ್ಟಿಕ್‌ಗೆ ಹೋಗಿ ಪ್ಲಾಟ್‌ಫಾರ್ಮ್ ಹುಡುಕುತ್ತಿದ್ದ ಒಬ್ಬ ಹುಡುಗನಿಗೆ ಆ ನಾಲ್ಕಕ್ಷರದ ಸಂಕೇತವನ್ನು ಓದಿ ಹೇಳಿದ್ದೇ ನಾನು. ಪಾಪ, ಅವನ ಮುಖ ನೋಡಲಾಗಲಿಲ್ಲ. ಟ್ಯಾಕ್ಸಿಯವರಿಗೂ ಬರೀ "ರೈಲ್ವೆ ಸ್ಟೇಷನ್" ಎನ್ನಬೇಡಿ, ನಿಲ್ದಾಣದ ಹೆಸರು ಹೇಳಿ.

ಮುಂದಿನದು ನಿಮ್ಮ ರೈಲು ಯಾವ ದಿಕ್ಕಿಗೆ ಹೋಗುತ್ತದೆ ಎಂಬುದು. ತುಮಕೂರು, ಅರಸೀಕೆರೆ ಮೇಲೆ ಹೋಗುವ ಹುಬ್ಬಳ್ಳಿ, ಬೆಳಗಾವಿ, ಶಿವಮೊಗ್ಗದ ರೈಲುಗಳು ಮೆಜೆಸ್ಟಿಕ್ ಬಿಟ್ಟು ಹತ್ತು ಹದಿನೈದು ನಿಮಿಷದಲ್ಲಿ ಯಶವಂತಪುರಕ್ಕೆ ಬರುತ್ತವೆ. ಹಿಂದೂಪುರ, ಗುಂತಕಲ್ ಮೇಲೆ ಹೋಗುವವು ಯಲಹಂಕ ದಾಟುತ್ತವೆ. ಕಲಬುರಗಿ ಕಡೆಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ಸೂ, ಬಳ್ಳಾರಿ-ಹೊಸಪೇಟೆಯವರ ಹಂಪಿ ಎಕ್ಸ್‌ಪ್ರೆಸ್ಸೂ ಆ ದಾರಿಯವೇ. ಯಲಹಂಕವೆಂದರೆ ವಿಮಾನ ನಿಲ್ದಾಣದಿಂದ ಮೆಜೆಸ್ಟಿಕ್‌ಗೆ ಹೋಗುವ ದಾರಿಯ ಸುಮಾರು ಅರ್ಧವಷ್ಟೇ, ಹೆಬ್ಬಾಳದ ತಂಟೆಯೂ ಇಲ್ಲ. ಹೊಸಪೇಟೆಯ ನನ್ನ ಸಹೋದ್ಯೋಗಿ ಆರು ವರ್ಷ ಮೆಜೆಸ್ಟಿಕ್‌ವರೆಗೆ ಬಂದು, ರೈಲು ಹತ್ತಿ, ಮತ್ತೆ ಯಲಹಂಕಕ್ಕೇ ವಾಪಸ್ ಹೋಗುತ್ತಿದ್ದರು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಕತೆ.

ಟಿಕೆಟ್ ಕಾಯ್ದಿರಿಸುವ ಪುಟದಲ್ಲಿ "ಬೋರ್ಡಿಂಗ್ ಸ್ಟೇಷನ್" ಎಂಬ ಒಂದು ಆಯ್ಕೆ ಇದೆ. ಹೆಚ್ಚಿನವರು ಅದನ್ನು ಮುಟ್ಟುವುದೇ ಇಲ್ಲ. ಟಿಕೆಟ್ ಮೆಜೆಸ್ಟಿಕ್‌ನಿಂದಲೇ ಇದ್ದರೂ ಹತ್ತುವ ನಿಲ್ದಾಣವನ್ನು ಯಶವಂತಪುರ ಎಂದು ಅಲ್ಲೇ ನಮೂದಿಸಬಹುದು. ಹಾಗೆ ನಮೂದಿಸಿದರೆ ಯಶವಂತಪುರದವರೆಗೆ ಬರ್ತ್ ನಿಮ್ಮ ಹೆಸರಿನಲ್ಲೇ ಕಾದಿರುತ್ತದೆ. ನಮೂದಿಸದೆ ಮುಂದಿನ ನಿಲ್ದಾಣದಲ್ಲಿ ಹತ್ತಿದರೆ ಟಿಕೆಟ್ ತಪಾಸಕರು ನೀವು ಬಂದಿಲ್ಲವೆಂದು ಗುರುತು ಹಾಕಿ ಬರ್ತನ್ನು ಆರ್‌ಎಸಿಯವರಿಗೆ, ಅಂದರೆ ಪೂರ್ತಿ ಬರ್ತ್‌ಗಾಗಿ ಕಾದು ಕೂತವರಿಗೆ, ಕೊಟ್ಟಿರಬಹುದು. ಈಗ ಅವರ ಕೈಯಲ್ಲಿ ಕಾಗದವಿಲ್ಲ, ಯಂತ್ರವಿದೆ. ಒಂದು ಒತ್ತಿಗೆ ಕೆಲಸ ಮುಗಿಯುತ್ತದೆ. ಒಂದು ಎಚ್ಚರಿಕೆ: ಹತ್ತುವ ನಿಲ್ದಾಣ ಬದಲಿಸಿದ ಮೇಲೆ ಮೊದಲಿನ ನಿಲ್ದಾಣದಲ್ಲಿ ಹತ್ತುವ ಹಕ್ಕು ಹೋಗುತ್ತದೆ. ಬೇಗ ಬಂದೆನೆಂದು ಮೆಜೆಸ್ಟಿಕ್‌ಗೆ ಹೋಗಿ ಹತ್ತಿ ಕೂರುವಂತಿಲ್ಲ. ನಾನಂತೂ ಮೊದಲ ಖಾಲಿ ಸಾಲಿನ ನಂತರ ಕಣ್ಣು ಮುಚ್ಚಿ ಯಶವಂತಪುರವೆಂದೇ ನಮೂದಿಸುತ್ತೇನೆ.

ವಂದೇ ಭಾರತ್‌ನವರಿಗೆ ಇನ್ನೊಂದು ಮಾತು. ಅದರ ಬಾಗಿಲುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಚಲಿಸುವ ರೈಲಿನ ಹಿಡಿಕೆ ಹಿಡಿದು ಜಿಗಿಯುವ ಹಳೆಯ ಸಾಹಸ ಅಲ್ಲಿ ನಡೆಯುವುದಿಲ್ಲ. ಬೇರೆ ರೈಲಿನಲ್ಲೂ ಅದನ್ನು ಮಾಡಬೇಡಿ. ಒಂದು ಶನಿವಾರಕ್ಕಾಗಿ ಕಾಲು ಕೊಡುವುದು ಯಾವ ಲೆಕ್ಕಕ್ಕೂ ಕೂಡಿಬರುವುದಿಲ್ಲ.

ವಿಮಾನದೊಳಗಿನ ನಿಮಿಷಗಳು

ಚಕ್ರ ನೆಲ ಮುಟ್ಟಿದ್ದಕ್ಕೂ ಬಾಗಿಲು ತೆರೆದದ್ದಕ್ಕೂ ನಡುವೆ ನನ್ನ ಪುಸ್ತಕದ ಪ್ರಕಾರ 10ರಿಂದ 18 ನಿಮಿಷ. ಇದನ್ನು ನೀವು ಕಡಿಮೆ ಮಾಡಲಾರಿರಿ. ಕಡಿಮೆ ಮಾಡಬಹುದಾದ್ದು ಬಾಗಿಲಿನಿಂದ ನಿಮ್ಮ ಆಸನದ ದೂರವನ್ನು. 26ನೇ ಸಾಲಿನಲ್ಲಿ ಕೂತವಳು 4ನೇ ಸಾಲಿನಲ್ಲಿ ಕೂತವಳಿಗಿಂತ ಎಂಟು ಹತ್ತು ನಿಮಿಷ ಹಿಂದೆ ಬೀಳುತ್ತಾಳೆ. ಮುಂದಿನ ಆಸನಕ್ಕೆ ಇನ್ನೂರು ಮುನ್ನೂರು ರೂಪಾಯಿ ಹೆಚ್ಚು ಕೇಳಿದಾಗ ನಾನು ಗೊಣಗುತ್ತಲೇ ಕೊಡುತ್ತೇನೆ. ವಿಮಾನ ಏರೋಬ್ರಿಡ್ಜ್‌ಗೆ ನಿಲ್ಲದೆ ದೂರದಲ್ಲಿ ನಿಂತು ಬಸ್ಸಿನಲ್ಲಿ ಕರೆದೊಯ್ದರೆ ಮಾತ್ರ ಆ ಹಣ ನೀರಿನಲ್ಲಿ ಹೋಮ: ಮೊದಲು ಬಸ್ ಹತ್ತಿದವರು ಬಸ್ ತುಂಬುವವರೆಗೆ ನಿಂತಿರಬೇಕು. ಅಂಥಲ್ಲಿ ಒಳಗೆ ನುಗ್ಗಬೇಡಿ, ಬಾಗಿಲ ಪಕ್ಕದಲ್ಲೇ ನಿಲ್ಲಿ.

ಚೀಲವನ್ನು ಸರಕಿಗೆ ಹಾಕಬೇಡಿ. ಇದು ಸಲಹೆಯಲ್ಲ, ಷರತ್ತು. ಬೆಲ್ಟಿನ ಮುಂದೆ ನಾನು ಕಾದದ್ದು ಕಡಿಮೆಯೆಂದರೆ 14 ನಿಮಿಷ, ಹೆಚ್ಚೆಂದರೆ 40. ಅಷ್ಟು ಏರುಪೇರಿರುವ ಒಂದು ಅಂಕಿಯನ್ನು ಲೆಕ್ಕದೊಳಗೆ ಬಿಟ್ಟುಕೊಂಡರೆ ಉಳಿದ ಲೆಕ್ಕವೆಲ್ಲ ಸುಳ್ಳು. ಏಳು ಕಿಲೋದೊಳಗೆ ಬಟ್ಟೆ, ಲ್ಯಾಪ್‌ಟಾಪ್, ಅಮ್ಮನಿಗೆ ಒಂದು ಸೀರೆ ಸೇರುತ್ತದೆ. ಕಡತದ ಕಟ್ಟುಗಳನ್ನು ಅಂಚೆಯಲ್ಲಿ ಕಳಿಸುತ್ತೇನೆ.

ಯಾವ ಟರ್ಮಿನಲ್ ಎಂದು ಮೊದಲೇ ನೋಡಿಕೊಳ್ಳಿ. ವಿದೇಶದಿಂದ ಬರುವವರೆಲ್ಲ ಎರಡನೆಯ ಟರ್ಮಿನಲ್‌ನಲ್ಲಿ ಇಳಿಯುತ್ತಾರೆ. ದೇಶದೊಳಗಿನ ವಿಮಾನಗಳು ಕಂಪನಿಗೆ ತಕ್ಕಂತೆ ಎರಡಕ್ಕೂ ಹಂಚಿಹೋಗಿವೆ. ಎರಡನೆಯದು ಬಿದಿರು, ತೂಗುವ ಗಿಡಗಳು, ನೀರಿನ ಸದ್ದು ಎಂದು ನಿಜಕ್ಕೂ ಚೆಂದ. ಆದರೆ ನಡೆಯುವ ದಾರಿ ಉದ್ದ. ಮೊದಲ ಸಲ ಬಂದವರು ತಲೆಯೆತ್ತಿ ನೋಡುತ್ತಾ ನಿಂತುಬಿಡುತ್ತಾರೆ. ನೀವು ನಿಲ್ಲಬೇಡಿ, ರೈಲಿಲ್ಲದ ದಿನ ನೋಡಿ. ವಿದೇಶದಿಂದ ಬಂದು ವಲಸೆ ತಪಾಸಣೆ, ಕಸ್ಟಮ್ಸ್ ಎರಡನ್ನೂ ದಾಟಬೇಕಾದವರು ಎರಡೂವರೆ ಗಂಟೆಯ ಈ ಆಟಕ್ಕೆ ಇಳಿಯಲೇಬಾರದು ಎಂಬುದು ನನ್ನ ಅಭಿಪ್ರಾಯ.

ನಡೆಯುತ್ತಲೇ ಎರಡು ಕೆಲಸ ಮುಗಿಸಿ. ಒಂದು, ರೈಲು ಎಲ್ಲಿದೆ ಎಂದು ನೋಡುವುದು. ರೈಲ್ವೆಯ ಆ್ಯಪ್‌ನಲ್ಲೋ 139ಕ್ಕೆ ಕರೆ ಮಾಡಿಯೋ ತಿಳಿಯಬಹುದು. ನನ್ನದು ಮೈಸೂರಿನಿಂದ ಬರುವ ರೈಲಾದ್ದರಿಂದ ಅದು ಮಂಡ್ಯ ಬಿಟ್ಟಿತೋ ರಾಮನಗರ ಬಿಟ್ಟಿತೋ ಎಂಬುದೇ ನನ್ನ ಗಡಿಯಾರ. ಮೆಜೆಸ್ಟಿಕ್‌ನಿಂದಲೇ ಹುಟ್ಟುವ ರೈಲುಗಳಿಗೆ ಈ ಕರುಣೆ ಇಲ್ಲ, ಅವು ಸಾಮಾನ್ಯವಾಗಿ ಹೇಳಿದ ಹೊತ್ತಿಗೆ ಹೊರಡುತ್ತವೆ. ಎರಡು, ರಸ್ತೆಯ ನಕ್ಷೆ ತೆರೆದು ಹೆಬ್ಬಾಳದ ಬಣ್ಣ ನೋಡುವುದು.

ಬಾಗಿಲ ಹೊರಗೆ

ಹೊರಗೆ ಬಂದ ಕೂಡಲೇ ಗಡಿಯಾರ ನೋಡಿ, ರೈಲು ಮೆಜೆಸ್ಟಿಕ್ ಬಿಡಲು ಎಷ್ಟು ನಿಮಿಷ ಉಳಿದಿದೆ ಎಂದು ಎಣಿಸಿ. ನೂರು ನಿಮಿಷಕ್ಕಿಂತ ಹೆಚ್ಚಿದ್ದರೆ ಬಸ್. ಅರವತ್ತರಿಂದ ನೂರರ ನಡುವೆ ಇದ್ದರೆ ಟ್ಯಾಕ್ಸಿ, ಯಶವಂತಪುರಕ್ಕೆ. ಅರವತ್ತಕ್ಕಿಂತ ಕಡಿಮೆಯಾದರೆ ಬೇರೆಯೇ ಒಂದು ದಾರಿ ಇದೆ, ಅದನ್ನು ಕೊನೆಗೆ ಹೇಳುತ್ತೇನೆ. ಮಳೆ ಬರುತ್ತಿದ್ದರೆ ಈ ಎಲ್ಲ ಅಂಕಿಗಳಿಗೂ ಅರ್ಧ ಗಂಟೆ ಸೇರಿಸಿ. ವಿಂಡ್ಸರ್ ಮ್ಯಾನರ್ ಹತ್ತಿರದ ರೈಲ್ವೆ ಸೇತುವೆಯ ಕೆಳಗೆ ನೀರು ನಿಂತರೆ ಯಾರ ಲೆಕ್ಕವೂ ನಡೆಯುವುದಿಲ್ಲ.

ಬಸ್ ಎಂದರೆ ಬಿಎಂಟಿಸಿಯ ವಾಯುವಜ್ರ. ಮೆಜೆಸ್ಟಿಕ್‌ಗೆ ಹೋಗುವುದು ಕೆಐಎ-9. ಬೇರೆ ಸಂಖ್ಯೆಗಳು ಬೇರೆ ಕಡೆಗೆ. ಅವಸರದಲ್ಲಿ ಕೆಐಎ-8 ಹತ್ತಿದರೆ ಎಲೆಕ್ಟ್ರಾನಿಕ್ ಸಿಟಿ ನೋಡಿಕೊಂಡು ಬರಬಹುದು. ಈ ಬಸ್ಸುಗಳಲ್ಲಿ ಶಕ್ತಿ ಯೋಜನೆ ಅನ್ವಯಿಸುವುದಿಲ್ಲ, ನಾವೂ ಟಿಕೆಟ್ ಕೊಳ್ಳಲೇಬೇಕು. ಟ್ಯಾಕ್ಸಿಗೆ ನಾನು ಕೊಟ್ಟದ್ದು 900ರಿಂದ 1,300 ರೂಪಾಯಿವರೆಗೆ, ಬಸ್ಸಿನದು ಅದರ ಮೂರನೆಯ ಒಂದು ಪಾಲು. ಜನರಿಗೆ ಬಸ್ ನಿಧಾನವೆಂಬ ಭ್ರಮೆ ಇದೆ. ಒಮ್ಮೆ ಹೊರಟ ಮೇಲೆ ಅದು ಕಾರಿಗಿಂತ ನಿಧಾನವಲ್ಲ, ಜಾಮ್‌ನಲ್ಲಿ ಇಬ್ಬರೂ ಒಂದೇ. ಬಸ್ಸಿನ ತೊಂದರೆ ಹೊರಡುವವರೆಗೆ ಕಾಯುವುದು ಮತ್ತು ನಡುವೆ ನಿಲ್ಲಿಸುವುದು. ನನ್ನ ಕೆಲಸ ಹೀಗೆ: ಬಾಗಿಲಲ್ಲಿ ಕೆಐಎ-9 ಎಂಜಿನ್ ಚಾಲೂ ಮಾಡಿ ನಿಂತಿದ್ದರೆ, ನನ್ನ ಬಳಿ ಎಂಬತ್ತೇ ನಿಮಿಷ ಇದ್ದರೂ, ಹತ್ತಿಬಿಡುತ್ತೇನೆ. ಮೇಖ್ರಿ ವೃತ್ತದಲ್ಲಿ ಇಳಿದು ಆಟೋ ಹಿಡಿದರೆ ಯಶವಂತಪುರ ನಾಲ್ಕೈದು ಕಿಲೋಮೀಟರ್. ನನ್ನ 31 ಸಾಲುಗಳಲ್ಲಿ ಒಂಬತ್ತು ಹೀಗೆ ಬಂದವು.

ಆ್ಯಪ್ ಟ್ಯಾಕ್ಸಿಯ ತೊಡಕು ಗೊತ್ತೇ ಇದೆ. ಚಾಲಕರು ಎಲ್ಲಿಗೆಂದು ಕೇಳಿ, ಮೆಜೆಸ್ಟಿಕ್ ಎಂದರೆ ಕೆಲವೊಮ್ಮೆ ರದ್ದು ಮಾಡುತ್ತಾರೆ. ಆ ಹೊತ್ತಿನಲ್ಲಿ ಅಲ್ಲಿಗೆ ಹೋಗಲು ಯಾರಿಗೆ ಇಷ್ಟ? ಎರಡನೆಯ ಸಲ ರದ್ದಾದರೆ ಮೊಬೈಲ್ ಒಳಗಿಟ್ಟು ಸಾಲಿನಲ್ಲಿ ನಿಂತ ಟ್ಯಾಕ್ಸಿ ಹತ್ತಿ. ನನ್ನ ಎರಡನೆಯ ಖಾಲಿ ಸಾಲಿಗೆ ಕಾರಣ ನಾಲ್ಕು ಸಲ ರದ್ದಾಗುವವರೆಗೆ ಕಾದ ನನ್ನ ಜಿಪುಣತನ. ಉಳಿಸಹೊರಟದ್ದು 200 ರೂಪಾಯಿ.

ವಿಮಾನ ನಿಲ್ದಾಣದ ಪಕ್ಕದಲ್ಲೇ ಒಂದು ರೈಲು ನಿಲ್ದಾಣವಿದೆಯಲ್ಲ ಎಂದು ಬಲ್ಲವರು ಕೇಳುತ್ತಾರೆ. ಇದೆ, ಯಲಹಂಕ-ಚಿಕ್ಕಬಳ್ಳಾಪುರ ಮಾರ್ಗದಲ್ಲಿ, 2021ರಿಂದ. ಪುಟ್ಟ ಹಾಲ್ಟ್. ಟಿಕೆಟ್ ದರ ಕೇಳಿದರೆ ನಗು ಬರುವಷ್ಟು ಕಡಿಮೆ. ಆದರೆ ದಿನಕ್ಕೆ ಬೆರಳೆಣಿಕೆಯ ರೈಲುಗಳು, ನಿಮ್ಮ ವಿಮಾನದ ಹೊತ್ತಿಗೆ ಅದು ಬರುವುದು ಜಾತಕ ಕೂಡಿದಂತೆ. ವೇಳಾಪಟ್ಟಿ ನೋಡಿ, ಕೂಡಿದರೆ ಹೋಗಿ. ಅದರ ಮೇಲೆ ರಾತ್ರಿ ರೈಲನ್ನು ಕಟ್ಟಿಹಾಕಬೇಡಿ. ಮೆಟ್ರೊದ ನೀಲಿ ಮಾರ್ಗದ ಕಂಬಗಳು ದಾರಿಯುದ್ದಕ್ಕೂ ಎದ್ದಿವೆ, ಅದು ಓಡಲು ಶುರುವಾದ ದಿನ ಈ ಬರಹದ ಅರ್ಧವನ್ನು ಹರಿದು ಹಾಕಬಹುದು. ಇನ್ನು ಮೈಸೂರಿಗೆ ಹೋಗುವವರು ಊರೊಳಗೆ ಬರುವುದೇ ತಪ್ಪು. ವಿಮಾನ ನಿಲ್ದಾಣದಿಂದಲೇ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಇದೆ.

ಬೈಯಪ್ಪನಹಳ್ಳಿಯ ರೈಲಿನವರು ಹೆಬ್ಬಾಳಕ್ಕೆ ಬರುವ ಅಗತ್ಯವಿಲ್ಲ. ಬಾಗಲೂರು, ಹೆಣ್ಣೂರು ಮೇಲಿನ ಹಿಂದಿನ ರಸ್ತೆಯಿದೆ, ಟೋಲ್ ಇಲ್ಲ. ರಸ್ತೆ ಎಲ್ಲ ಕಡೆ ಚೆನ್ನಾಗಿಲ್ಲ, ಆದರೆ ದಿಕ್ಕು ಸರಿಯಾಗಿದೆ.

ಹೆಬ್ಬಾಳ

ಸಾದಹಳ್ಳಿ ಟೋಲ್ ದಾಟಿ, ಯಲಹಂಕದಿಂದ ಮೇಲ್ಸೇತುವೆ ಏರಿದರೆ ಹೆಬ್ಬಾಳದವರೆಗೆ ಕಾರು ಗಾಳಿಯಲ್ಲಿ ತೇಲುತ್ತದೆ. ಹೊಸಬರು ಮೋಸಹೋಗುವುದು ಇಲ್ಲೇ. ಮೂರನೆಯ ಎರಡು ಪಾಲು ದಾರಿ ಅರ್ಧ ಗಂಟೆಯಲ್ಲಿ ಮುಗಿಯಿತು, ಇನ್ನೇನು ಬಂದೇಬಿಟ್ಟೆವು ಎಂದುಕೊಳ್ಳುತ್ತಾರೆ. ಉಳಿದ ಒಂದು ಪಾಲು ಮುಕ್ಕಾಲು ಗಂಟೆ ತಿನ್ನುತ್ತದೆ. ಆದ್ದರಿಂದ ತೀರ್ಮಾನ ಹೆಬ್ಬಾಳ ಕಾಣುವ ಮೊದಲೇ, ಮೇಲ್ಸೇತುವೆಯ ಮೇಲಿರುವಾಗಲೇ ಆಗಬೇಕು. ಅಲ್ಲಿಂದ ಯಶವಂತಪುರಕ್ಕೆ ಎರಡು ದಾರಿ. ಒಂದು ಮೇಖ್ರಿ ವೃತ್ತದವರೆಗೆ ಬಂದು ಸಿ.ವಿ. ರಾಮನ್ ರಸ್ತೆಗೆ ತಿರುಗಿ, ಟಾಟಾ ಇನ್‌ಸ್ಟಿಟ್ಯೂಟ್ ಪಕ್ಕದಲ್ಲಿ ಹೋಗುವುದು. ಇನ್ನೊಂದು ಹೆಬ್ಬಾಳದಲ್ಲೇ ಹೊರವರ್ತುಲ ರಸ್ತೆಗೆ ಇಳಿದು ಬಿಇಎಲ್ ವೃತ್ತ, ಮತ್ತೀಕೆರೆ ಮೇಲೆ ಬರುವುದು. ಯಾವುದು ಒಳ್ಳೆಯದು ಎಂದರೆ ಆ ಕ್ಷಣದ ನಕ್ಷೆಯಲ್ಲಿ ಮೇಖ್ರಿ ಕೆಂಪಾಗಿದೆಯೋ ಇಲ್ಲವೋ ಎಂಬುದರ ಮೇಲೆ. ಚಾಲಕರೊಂದಿಗೆ ವಾದ ಬೇಡ. ಹೊರಡುವಾಗಲೇ "ಅಣ್ಣ, ಇಷ್ಟು ಗಂಟೆಗೆ ಯಶವಂತಪುರದಲ್ಲಿ ರೈಲು, ನಿಮಗೆ ತಿಳಿದ ದಾರಿಯಲ್ಲಿ ಹೋಗಿ" ಎಂದು ಒಮ್ಮೆ ಹೇಳಿ ಸುಮ್ಮನಿದ್ದರೆ ಅವರು ಅದನ್ನು ತಮ್ಮ ರೈಲೆಂದೇ ಹಚ್ಚಿಕೊಳ್ಳುತ್ತಾರೆ. ನಾನು ಹಿಂದಿನ ಸೀಟಿನಿಂದ ಎಡ-ಬಲ ಹೇಳುತ್ತಾ ಕೂತ ರಾತ್ರಿಗಳೆಲ್ಲ ತಡವಾದ ರಾತ್ರಿಗಳು.

ಯಶವಂತಪುರ ನಿಲ್ದಾಣಕ್ಕೆ ಎರಡು ಮುಖಗಳಿವೆ: ತುಮಕೂರು ರಸ್ತೆ-ಮೆಟ್ರೊ ಕಡೆಯದು ಒಂದು, ಮತ್ತೀಕೆರೆ ಕಡೆಯದು ಇನ್ನೊಂದು. ಒಂದರಿಂದ ಇನ್ನೊಂದಕ್ಕೆ ಕಾರಿನಲ್ಲಿ ಸುತ್ತುವುದು ಕೆಲವೊಮ್ಮೆ ಕಾಲು ಗಂಟೆಯ ಕೆಲಸ. ಬಂದ ದಾರಿಗೆ ಹತ್ತಿರವಾದ ಕಡೆ ಇಳಿದು ಒಳಗಿನ ಮೇಲುಸೇತುವೆಯಲ್ಲಿ ದಾಟಿಕೊಳ್ಳುವುದೇ ಲೇಸು. ಮರುನಿರ್ಮಾಣ ನಡೆಯುತ್ತಿರುವುದರಿಂದ ಒಳದಾರಿಗಳು ಆಗಾಗ ಬದಲಾಗುತ್ತವೆ. ಫಲಕ ನೋಡುವುದಕ್ಕಿಂತ ಕೆಂಪಂಗಿಯ ಹಮಾಲರನ್ನು ಕೇಳಿದರೆ ಒಂದೇ ಮಾತಿನಲ್ಲಿ ಹೇಳುತ್ತಾರೆ. ಇಲ್ಲಿ ರೈಲು ನಿಲ್ಲುವುದು ಸ್ವಲ್ಪವೇ ಹೊತ್ತು. ನಿಮ್ಮ ಬೋಗಿ ಎಲ್ಲಿ ಬರುತ್ತದೆ ಎಂದು ತಿಳಿದು ಅಲ್ಲೇ ನಿಂತಿರಬೇಕು. ತಪ್ಪಿ ಬೇರೆ ತುದಿಯಲ್ಲಿದ್ದರೆ ಎದುರಿಗೆ ಬಂದ ಬೋಗಿಯನ್ನೇ ಹತ್ತಿ, ಒಳಗಿನಿಂದ ನಡೆದುಹೋಗಿ.

ಮೆಜೆಸ್ಟಿಕ್‌ಗೇ ಹೋಗಬೇಕಾದವರು ಕಾರಿನಲ್ಲಿ ನಿಲ್ದಾಣದ ಬಾಗಿಲವರೆಗೆ ಹೋಗುವ ಹಟ ಬಿಡಿ. ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ ಆ ಕೊನೆಯ ಅರ್ಧ ಕಿಲೋಮೀಟರ್ ನಡೆದವರದ್ದೇ. ಬಸ್ಸಿನಲ್ಲಿ ಬಂದವರಿಗೆ ಕೆಂಪೇಗೌಡ ಬಸ್ ನಿಲ್ದಾಣದಿಂದ ರಸ್ತೆ ದಾಟಲು ಸುರಂಗವಿದೆ. ಏಳೆಂಟು ನಿಮಿಷ ಇಟ್ಟುಕೊಳ್ಳಿ. ಹತ್ತು ಪ್ಲಾಟ್‌ಫಾರ್ಮ್‌ಗಳ ನಿಲ್ದಾಣ, ಮುಂಬಾಗಿಲಲ್ಲಿ ಒಂದನೆಯದು. ನಿಮ್ಮ ರೈಲು ಎಂಟರಲ್ಲೋ ಹತ್ತರಲ್ಲೋ ಇದ್ದರೆ ಒಳಗೆ ಇನ್ನೂ ಐದು ನಿಮಿಷ. ಟ್ಯಾಕ್ಸಿಯವರಿಗೆ ಓಕಳಿಪುರದ ಕಡೆಯ ಹಿಂಬಾಗಿಲು ಹೇಳಿದರೆ ಆ ನಡಿಗೆ ಉಳಿಯುತ್ತದೆ.

ಯಶವಂತಪುರವೂ ತಪ್ಪಿತೆನ್ನಿ. ಅಳಬೇಡಿ. ಮಲೆನಾಡಿಗೆ, ಹುಬ್ಬಳ್ಳಿ ಕಡೆಗೆ ಹೋಗುವ ರಾತ್ರಿ ಬಸ್ಸುಗಳು ತುಮಕೂರು ರಸ್ತೆಯಲ್ಲೇ ಹೋಗಬೇಕು. ಯಶವಂತಪುರದ ಗೋವರ್ಧನ್ ನಿಲುಗಡೆಯಲ್ಲೋ ಜಾಲಹಳ್ಳಿ ಕ್ರಾಸಿನಲ್ಲೋ ಸಿಗುತ್ತವೆ. ಮೆಜೆಸ್ಟಿಕ್‌ನಲ್ಲಿ ರೈಲು ತಪ್ಪಿಸಿಕೊಂಡವರಿಗಿಂತ ಇಲ್ಲಿ ತಪ್ಪಿಸಿಕೊಂಡವರು ಈ ಲೆಕ್ಕದಲ್ಲೂ ಮುಂದೆ. ನನ್ನ ಎರಡನೆಯ ಖಾಲಿ ಸಾಲಿನ ರಾತ್ರಿ ಗೋವರ್ಧನ್ ಬಳಿ ನಿಂತು ಶಿವಮೊಗ್ಗದ ಬಸ್ ಹಿಡಿದೆ, ಬೆನ್ನು ನೋವಿನೊಂದಿಗೆ ಮನೆ ಸೇರಿದೆ. ಮೂರನೆಯದರಲ್ಲಿ ದೋಷ ನನ್ನದಲ್ಲ, ವಿಮಾನ ಇಳಿದದ್ದೇ ರೈಲು ತುಮಕೂರು ದಾಟಿದ ಮೇಲೆ.

ತುಮಕೂರಿನ ದಾರಿ

ಬಾಗಿಲ ಹೊರಗೆ ಬಂದಾಗ ಅರವತ್ತಕ್ಕಿಂತ ಕಡಿಮೆ, ಮೂವತ್ತಕ್ಕಿಂತ ಹೆಚ್ಚು ನಿಮಿಷ ಉಳಿದಿದ್ದರೆ ಬೆಂಗಳೂರನ್ನೇ ಮರೆತುಬಿಡಿ. ದೇವನಹಳ್ಳಿಯಿಂದ ದೊಡ್ಡಬಳ್ಳಾಪುರದ ಮೇಲೆ ದಾಬಸ್‌ಪೇಟೆಗೆ ಹೋಗುವ ಹೊಸ ಅಗಲ ಹೆದ್ದಾರಿ, ಉಪನಗರ ವರ್ತುಲ ರಸ್ತೆಯ ಭಾಗ, ರಾತ್ರಿ ಹೊತ್ತು ಬರಿದಾಗಿರುತ್ತದೆ. ದಾಬಸ್‌ಪೇಟೆಯಲ್ಲಿ ಪುಣೆ ಹೆದ್ದಾರಿ ಸೇರಿ ಬಲಕ್ಕೆ ತಿರುಗಿದರೆ ತುಮಕೂರು. ಒಟ್ಟು 80 ಕಿಲೋಮೀಟರ್ ಆಸುಪಾಸು, ಒಂದೂವರೆ ಗಂಟೆಯೊಳಗೆ. ರೈಲು ಮೆಜೆಸ್ಟಿಕ್ ಬಿಟ್ಟು ತುಮಕೂರಿಗೆ ಬರಲು ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ತೆಗೆದುಕೊಳ್ಳುತ್ತದೆ. ಕೂಡಿ ಕಳೆದು ನೋಡಿ, ಹೊಂದುತ್ತದೆ.

ನಾನು ಇದನ್ನು ಒಂದೇ ಸಲ ಮಾಡಿದ್ದೇನೆ, ಕಳೆದ ಚಳಿಗಾಲದಲ್ಲಿ. 46 ನಿಮಿಷ ಉಳಿದಿತ್ತು. ಚಾಲಕರು ದೇವನಹಳ್ಳಿಯವರೇ, ಮಧ್ಯವಯಸ್ಸಿನವರು. ತುಮಕೂರು ಎಂದಾಗ ನನ್ನ ಮುಖ ನೋಡಿ, "ಮೇಡಂ, ರೈಲು ಮೆಜೆಸ್ಟಿಕ್‌ನಲ್ಲಿ ಅಲ್ಲವೇ?" ಎಂದರು. ವಿವರಿಸಿದೆ. ಒಂದು ಕ್ಷಣ ಸ್ಟಿಯರಿಂಗ್ ಮೇಲೆ ಬೆರಳಿನಿಂದ ಲೆಕ್ಕ ಹಾಕಿ, ಸೀಟ್‌ಬೆಲ್ಟ್ ಎಳೆದುಕೊಂಡರು. ದಾಬಸ್‌ಪೇಟೆವರೆಗೆ ಎರಡು ಟೋಲ್‌ಗಳು, ಮಂಜು, ಎಡಕ್ಕೆ ಬಲಕ್ಕೆ ಕತ್ತಲೆ. ತುಮಕೂರು ನಿಲ್ದಾಣದಲ್ಲಿ ನಾನು ಮೆಟ್ಟಿಲು ಇಳಿಯುವಾಗ ರೈಲಿನ ದೀಪ ಕಂಡಿತು.

ಇದರಲ್ಲಿ ಒಂದು ಹುಳುಕಿದೆ, ಮುಚ್ಚಿಡುವುದಿಲ್ಲ. ನನ್ನ ಹತ್ತುವ ನಿಲ್ದಾಣ ಯಶವಂತಪುರ ಎಂದಿತ್ತು. ತುಮಕೂರಿಗೆ ಬರುವಷ್ಟರಲ್ಲಿ ತಪಾಸಕರು ನನ್ನ ಬರ್ತನ್ನು ತಿಪಟೂರಿಗೆ ಹೋಗುವ ಒಬ್ಬ ಅಜ್ಜಿಗೆ ಕೊಟ್ಟಾಗಿತ್ತು. ಕೊಟ್ಟದ್ದು ನಿಯಮದ ಪ್ರಕಾರವೇ, ಜಗಳಕ್ಕೆ ಎಡೆಯಿಲ್ಲ. ಅಜ್ಜಿ ಕಾಲು ಮಡಚಿ ತುದಿಯಲ್ಲಿ ಜಾಗ ಮಾಡಿ, "ಕೂತುಕೋ ಮಗಳೇ, ನಾನು ಇಳಿದ ಮೇಲೆ ಪೂರ್ತಿ ನಿನ್ನದೇ" ಎಂದರು. ತಿಪಟೂರಿನವರೆಗೆ ಹಾಗೆಯೇ ಕೂತಿದ್ದೆ.

ಬೆಳಗ್ಗೆ ಮನೆಯಲ್ಲಿ ಅಪ್ಪಯ್ಯ ನೀಲಿ ಪುಸ್ತಕ ತಿರುವಿ, ಬಲಗಡೆಯ ಕಲಂ ನೋಡಿ, ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದ ಟ್ಯಾಕ್ಸಿ ಬಾಡಿಗೆಯನ್ನೂ ನೋಡಿದರು. "ಅಷ್ಟು ದುಡ್ಡು ಕೊಟ್ಟವಳು ಅರಸೀಕೆರೆವರೆಗೂ ಅದೇ ಕಾರಿನಲ್ಲಿ ಬರಬಹುದಿತ್ತಲ್ಲ" ಎಂದು ಪುಸ್ತಕ ಮುಚ್ಚಿ, ತೋಟದ ಕಡೆ ಹೊರಟರು.